ಅಳತೆ ಹೋದರೂ ಹೆಸರು ಉಳಿಯಲಿ

ಹೋದ ವರ್ಷ ಮಳೆಗಾಲದ ಎರಡು ತಿಂಗಳು ಪ್ಯಾರಿಸ್ ಪಕ್ಕದ ಊರೊಂದರಲ್ಲಿ ಮಗಳ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಐದು ವರ್ಷದ ಮೊಮ್ಮಗನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಅವನ ಬೂಟು ಬಿಚ್ಚಿಸಿದರು. ಗೋಡೆಗೆ ಬಡಿದಿದ್ದ ಅಳತೆಪಟ್ಟಿಗೆ ಬೆನ್ನು ಒತ್ತಿ ನಿಲ್ಲಿಸಿ, ನೆತ್ತಿಗೆ ತಾಗುವಂತೆ ಅಡ್ಡಹಲಗೆಯೊಂದನ್ನು ಮೆಲ್ಲಗೆ ಇಳಿಸಿ, ಎತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡರು. ನಾನು ಆ ಪಟ್ಟಿಯನ್ನೇ ನೋಡುತ್ತಿದ್ದುದನ್ನು ಕಂಡು ಮಗಳು, “ಅಪ್ಪಾ, ಇದಕ್ಕೆ ಇಲ್ಲಿ ತ್ವಾಜ್ ಅಂತಾರೆ” ಎಂದಳು.

ನನಗೆ ಮೈ ಜುಮ್ಮೆಂದಿತು. ಶಿಕಾರಿಪುರ, ಸೊರಬ, ಸಾಗರದ ಕಡೆ ಮೂವತ್ನಾಲ್ಕು ವರ್ಷ ಭೂಮಾಪಕನಾಗಿ ಸರಪಳಿ ಎಳೆದವನು ನಾನು. ತರಬೇತಿಯ ದಿನಗಳಲ್ಲಿ ನಮಗೆ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ಭೂಮಿಯ ಆಕಾರವನ್ನು ಅಳೆದವರ ಕಥೆ ಹೇಳುವಾಗ ಈ ಶಬ್ದವನ್ನು ಬಳಸಿದ್ದರು. ಫ್ರಾನ್ಸಿನ ಕಾನೂನು ಆ ಅಳತೆಯನ್ನು ರದ್ದು ಮಾಡಿ ನೂರೆಂಬತ್ತು ವರ್ಷದ ಮೇಲಾಗಿದೆ. ಆದರೂ ಪ್ರತಿದಿನ ಮಕ್ಕಳು ಅದರ ಹೆಸರಿನ ಕೆಳಗೆ ನಿಂತು ಬೆಳೆಯುತ್ತಿದ್ದಾರೆ. ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ: ಹಳೆಯ ಅಳತೆಗಳನ್ನು ತೆಗೆದುಹಾಕಿದ್ದು ನ್ಯಾಯವಾದದ್ದೇ, ಆದರೆ ಅವುಗಳ ಹೆಸರು ನಮ್ಮ ಬಾಯಿಂದ ಹೋಗಲು ಬಿಡುವುದು ದೊಡ್ಡ ನಷ್ಟ.

ತ್ವಾಜ್ ಎಂದರೆ ಆರು ಫ್ರೆಂಚ್ ಅಡಿ. ಒಂದು ಅಡಿಗೆ ಹನ್ನೆರಡು ಅಂಗುಲ, ಒಂದು ಅಂಗುಲಕ್ಕೆ ಹನ್ನೆರಡು ‘ಲೀನ್ಯ’, ಅಂದರೆ ಗೆರೆ. ಹಾಗಾಗಿ ಒಂದು ತ್ವಾಜ್‌ಗೆ 864 ಗೆರೆ. ಇಂದಿನ ಲೆಕ್ಕದಲ್ಲಿ 1.949 ಮೀಟರ್. ಕೋಟೆಯ ಗೋಡೆ, ರಸ್ತೆ, ಗಾರೆ ಕೆಲಸ ಎಲ್ಲವೂ ಈ ಅಳತೆಯಲ್ಲೇ ನಡೆಯುತ್ತಿದ್ದವು. ಹೆಸರಿನ ಬೇರು ಲ್ಯಾಟಿನ್ನಿನದು, ‘ಚಾಚಿದ್ದು’ ಎಂದು ಅದರ ಅರ್ಥ. ಚಾಚಿದ್ದು ಏನನ್ನು? ಎರಡು ತೋಳುಗಳನ್ನು. ಒಬ್ಬ ಮನುಷ್ಯ ಎರಡೂ ಕೈಗಳನ್ನು ಅಗಲಿಸಿ ನಿಂತರೆ ಬಲಗೈಯ ನಡುಬೆರಳ ತುದಿಯಿಂದ ಎಡಗೈಯ ನಡುಬೆರಳ ತುದಿಯವರೆಗೆ ಇರುವ ಉದ್ದ.

ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಅದು ನಮ್ಮ ಮಾರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಬಾವಿಯ ಆಳವನ್ನು ಹಗ್ಗದಲ್ಲಿ ಮಾರು ಹಾಕಿಯೇ ಹೇಳುತ್ತಿದ್ದರು. ಇವತ್ತಿಗೂ ಹೂವು ಮಾರುವ ಹೆಂಗಸು ಕಟ್ಟಿದ ಮಲ್ಲಿಗೆಯನ್ನು ಮೊಳ ಹಾಕಿ, ಮಾರು ಹಾಕಿ ಕೊಡುತ್ತಾಳೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಎರಡು ನಾಡಿನ ಜನ ಅಳೆಯಬೇಕಾಗಿ ಬಂದಾಗ ಮೊದಲು ಮಾಡಿದ್ದು ಒಂದೇ ಕೆಲಸ, ತೋಳು ಚಾಚಿದ್ದು.

ಆದರೆ ಚಾಚಿದ ತೋಳು ಒಬ್ಬೊಬ್ಬರದು ಒಂದೊಂದು ಉದ್ದ. ಆದ್ದರಿಂದ ಎಲ್ಲ ಕಡೆಯೂ ಅದನ್ನು ಕಲ್ಲಿಗೋ ಕಬ್ಬಿಣಕ್ಕೋ ಕಟ್ಟಿಹಾಕಬೇಕಾಯಿತು. ನಾನು ಓಡಾಡಿದ ಸೀಮೆಯ ಬಳ್ಳಿಗಾವಿಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಅಳತೆಕೋಲಿನ ಹೆಸರು ಬರುತ್ತದೆ. ಯಾವ ಗಳೆಯಲ್ಲಿ ಅಳೆದು ಭೂಮಿ ಕೊಟ್ಟರೆಂದು ಹೆಸರು ಹಿಡಿದು ಹೇಳಿದರೆ ಮಾತ್ರ ಆ ದಾನಕ್ಕೆ ಅಂಕೆ. ಪ್ಯಾರಿಸ್ಸಿನಲ್ಲೂ ಹೀಗೆಯೇ. ನಗರದ ನ್ಯಾಯಾಲಯ ಮತ್ತು ಸೆರೆಮನೆ ಎರಡೂ ಇದ್ದ ಗ್ರಾಂ ಶಾತ್ಲೆ ಕೋಟೆಯ ಮೆಟ್ಟಿಲ ಬುಡದಲ್ಲಿ ಕಬ್ಬಿಣದ ತ್ವಾಜ್ ಒಂದನ್ನು ಗೋಡೆಗೆ ಹೂಳಿದ್ದರು. ಅದರ ಎರಡು ತುದಿಗೂ ಹಲ್ಲಿನಂತೆ ಮುಂದೆ ಚಾಚಿದ ಅಂಚು. ಗಾರೆಯವನು ತನ್ನ ಕೋಲನ್ನು ತಂದು ಆ ಎರಡು ಹಲ್ಲುಗಳ ನಡುವೆ ಕೂರಿಸಿ ನೋಡಬೇಕು. ಹಳೆಯ ಪಟ್ಟಿ ಕೆಟ್ಟುಹೋದಾಗ 1668ರಲ್ಲಿ ಹೊಸದನ್ನು ಹಾಕಿದರು. ಅದು ಹಿಂದಿನದಕ್ಕಿಂತ ಐದು ಗೆರೆ, ಅಂದರೆ ಸುಮಾರು ಹನ್ನೊಂದು ಮಿಲಿಮೀಟರ್ ಗಿಡ್ಡವಾಗಿತ್ತು. ಹಲಗೆ ಕೊಯ್ಯುವವನಿಗೆ, ಗೋಡೆ ಕಟ್ಟುವವನಿಗೆ ಹನ್ನೊಂದು ಮಿಲಿಮೀಟರ್ ಎಂದರೆ ಸಣ್ಣ ಮಾತಲ್ಲ. ಹತ್ತು ತ್ವಾಜ್ ಉದ್ದದ ಗೋಡೆಗೆ ಅರ್ಧ ಗೇಣು ವ್ಯತ್ಯಾಸ ಬಂತು.

ಇನ್ನೊಂದು ಸಂಗತಿ ಗಮನಿಸಿ. ತೋಳು ಚಾಚಿದ ಉದ್ದ ಸಾಮಾನ್ಯವಾಗಿ ನಮ್ಮ ಎತ್ತರದಷ್ಟೇ ಇರುತ್ತದೆ. ನನ್ನದು ಐದಡಿ ಆರಂಗುಲ, 168 ಸೆಂಟಿಮೀಟರ್. ಕಬ್ಬಿಣದ ತ್ವಾಜ್ ನನ್ನ ಮಾರಿಗಿಂತ ಒಂದು ಗೇಣಿಗೂ ಹೆಚ್ಚು ಉದ್ದ. ಆ ಕಾಲದ ಫ್ರೆಂಚ್ ರೈತನ ತೋಳೂ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ‘ರಾಜನ ಪಾದ’ ಎಂಬ ಹೆಸರಿನ ಅವರ ಅಡಿ 32 ಸೆಂಟಿಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಪಾದ ಊರಲ್ಲಿ ಯಾರಿಗಿತ್ತು? ಮೈಯಿಂದ ಹುಟ್ಟಿದ ಅಳತೆ ಕಬ್ಬಿಣಕ್ಕೆ ಹೋದ ಮೇಲೆ ಮೈಯನ್ನು ಬಿಟ್ಟು ದೂರ ನಡೆಯಿತು. ಆಗಲೂ ಮೈಯ ನೆನಪನ್ನು ಹಿಡಿದುಕೊಂಡಿದ್ದು ಹೆಸರೊಂದೇ.

ಈ ಕಬ್ಬಿಣದ ಕೋಲೇ ಮುಂದೆ ಭೂಮಿಯ ಆಕಾರವನ್ನು ತೀರ್ಮಾನಿಸಿತು. ಭೂಮಿ ಧ್ರುವಗಳ ಬಳಿ ಚಪ್ಪಟೆಯೋ, ಅಲ್ಲ ನಿಂಬೆಹಣ್ಣಿನಂತೆ ಉದ್ದುದ್ದವೋ ಎಂಬ ಜಗಳ ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಜೋರಾಗಿತ್ತು. ಅದನ್ನು ಬಗೆಹರಿಸಲು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಎರಡು ತಂಡಗಳನ್ನು ಕಳುಹಿಸಿತು. ಗೊದೆಂ, ಬುಗೇ, ಲಾ ಕೊಂದಮೀನ್ 1735ರಲ್ಲಿ ಹಡಗು ಹತ್ತಿ ಅಂದಿನ ಪೆರುವಿಗೆ, ಈಗಿನ ಈಕ್ವೆಡಾರಿನ ಕಿಟೊ ಬಳಿಗೆ ಹೋದರು. ಮೊಪೆರ್ತ್ವಿಯ ತಂಡ ಮರುವರ್ಷ ಉತ್ತರದ ಲ್ಯಾಪ್‌ಲ್ಯಾಂಡಿಗೆ ಹೋಯಿತು. ಉಪಕರಣ ತಯಾರಕ ಲಾಂಗ್ಲ್ವಾ ಮಾಡಿಕೊಟ್ಟ ಕಬ್ಬಿಣದ ತ್ವಾಜ್‌ಗಳಲ್ಲಿ ಒಂದನ್ನು ಇವರು ಒಯ್ದರೆ ಇನ್ನೊಂದನ್ನು ಅವರು ಒಯ್ದರು. ಮೊಪೆರ್ತ್ವಿ ಬೇಗ ಮರಳಿದ. ಆಂಡಿಸ್ ಪರ್ವತಕ್ಕೆ ಹೋದವರು ಮಂಜು, ಹಿಮ, ಕಾಯಿಲೆ, ತಮ್ಮತಮ್ಮೊಳಗಿನ ಮನಸ್ತಾಪಗಳ ನಡುವೆ ವರ್ಷಗಟ್ಟಲೆ ದುಡಿದರು. ತಂಡದ ಶಸ್ತ್ರವೈದ್ಯನನ್ನು ಕುವೆಂಕಾ ಪಟ್ಟಣದ ಜನ ಗೂಳಿಕಾಳಗದ ಅಂಗಳದಲ್ಲಿ ಹೊಡೆದು ಕೊಂದರು. ಬುಗೇ ಊರು ಮುಟ್ಟಿದ್ದು 1744ರಲ್ಲಿ.

ಅವರು ಹೊತ್ತು ತಂದ ಫಲಿತಾಂಶ ಎರಡು ಸಂಖ್ಯೆ. ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಭೂಮಧ್ಯರೇಖೆಯ ಬಳಿ 56,753 ತ್ವಾಜ್, ಲ್ಯಾಪ್‌ಲ್ಯಾಂಡಿನಲ್ಲಿ 57,437 ತ್ವಾಜ್. ಉತ್ತರದ ಡಿಗ್ರಿ ಉದ್ದ ಎಂದರೆ ಅಲ್ಲಿ ಭೂಮಿಯ ಬಾಗು ಕಡಿಮೆ, ಅಂದರೆ ಚಪ್ಪಟೆ. ಲ್ಯಾಪ್‌ಲ್ಯಾಂಡಿನ ಲೆಕ್ಕದಲ್ಲಿ ತಪ್ಪಿದೆಯೆಂದು ಮುಂದೆ ಗೊತ್ತಾಯಿತು, ಆದರೆ ತೀರ್ಮಾನ ಬದಲಾಗಲಿಲ್ಲ. ಪೆರುವಿಗೆ ಹೋಗಿಬಂದ ಆ ಕೋಲನ್ನೇ 1766ರಲ್ಲಿ ದೇಶದ ಅಧಿಕೃತ ಅಳತೆಯೆಂದು ಒಪ್ಪಿ, ಅದರ ಎಂಬತ್ತು ಪ್ರತಿಗಳನ್ನು ಮಾಡಿಸಿದರು. ಮೂಲ ಕೋಲು ಇಂದಿಗೂ ಪ್ಯಾರಿಸ್ ವೀಕ್ಷಣಾಲಯದಲ್ಲಿದೆ. ಒಬ್ಬ ಮನುಷ್ಯ ತೋಳು ಚಾಚಿದ ಉದ್ದ ಎಂಬ ಹೆಸರು ಹೊತ್ತ ಕೋಲು ಇಡೀ ಭೂಮಿಯ ಆಕಾರವನ್ನು ಹೇಳಿತಲ್ಲ ಎಂದು ನೆನೆದಾಗಲೆಲ್ಲ ನನ್ನ ವೃತ್ತಿಯ ಬಗ್ಗೆ ನನಗೆ ಅಭಿಮಾನ ಉಕ್ಕುತ್ತದೆ.

ಇಷ್ಟೆಲ್ಲ ಇದ್ದ ಅಳತೆಯನ್ನು ತೆಗೆದದ್ದೇಕೆ? ಇಲ್ಲಿ ನಾನು ತೆಗೆದವರ ಪರ. ವಿಜ್ಞಾನಿಗಳ ತ್ವಾಜ್ ಒಂದೇ ಇದ್ದಿರಬಹುದು, ಹಳ್ಳಿಯ ಅಳತೆ ಸಾವಿರ ಇದ್ದವು. ಕ್ರಾಂತಿಗೆ ಮೊದಲಿನ ಫ್ರಾನ್ಸಿನಲ್ಲಿ ಎಂಟುನೂರರಷ್ಟು ಹೆಸರಿನಲ್ಲಿ ಎರಡೂವರೆ ಲಕ್ಷ ಬಗೆಯ ಅಳತೆ ತೂಕಗಳಿದ್ದವೆಂಬುದು ಇತಿಹಾಸಕಾರರ ಅಂದಾಜು. ನಮ್ಮಲ್ಲಿ ಕೊಳಗ ಬೀಜವರಿ, ಖಂಡುಗ ಬೀಜವರಿ ಎಂದು ಬಿತ್ತುವ ಬೀಜದಿಂದ ಗದ್ದೆಯ ಅಳತೆ ಹೇಳಿದ ಹಾಗೆ ಅಲ್ಲಿಯೂ ಬೀಜದ ಅಳತೆಯಲ್ಲಿ ಹೊಲ ಹೇಳುತ್ತಿದ್ದರು. ಒಂದು ದಿನ ಉಳುವಷ್ಟು ನೆಲಕ್ಕೆ ‘ದಿನದ ಕೆಲಸ’ ಎಂಬ ಅರ್ಥದ ಹೆಸರೇ ಇತ್ತು. ಇವೆಲ್ಲ ರೈತನ ಬದುಕಿನಿಂದ ಬಂದ ಚಂದದ ಮಾತುಗಳು. ಆದರೆ ‘ಆರ್ಪಾಂ’ ಎಂಬ ಭೂಮಿಯ ಅಳತೆಯನ್ನು ನೋಡಿ. ಪ್ಯಾರಿಸ್ಸಿನ ಆರ್ಪಾಂ ಸುಮಾರು 3,419 ಚದರ ಮೀಟರ್. ಅರಣ್ಯ ಇಲಾಖೆಯ ಆರ್ಪಾಂ 5,107 ಚದರ ಮೀಟರ್. ಒಂದು ಕಡೆ ಹದಿನೆಂಟು ಅಡಿಯ ಕೋಲು, ಇನ್ನೊಂದು ಕಡೆ ಇಪ್ಪತ್ತೆರಡು ಅಡಿಯ ಕೋಲು. ಹೆಸರು ಒಂದೇ, ನೆಲ ಒಂದೂವರೆ ಪಟ್ಟು. ಧಾನ್ಯ ಅಳೆಯುವ ಪಾತ್ರೆ ಜಮೀನ್ದಾರನ ಕೈಯಲ್ಲಿರುತ್ತಿತ್ತು. 1789ರಲ್ಲಿ ಊರೂರಿನಿಂದ ರಾಜನಿಗೆ ಸಲ್ಲಿಸಿದ ಅಹವಾಲು ಪುಸ್ತಕಗಳಲ್ಲಿ ದೇಶಕ್ಕೆಲ್ಲ ಒಂದೇ ಅಳತೆ, ಒಂದೇ ತೂಕ ಬೇಕೆಂಬ ಬೇಡಿಕೆ ಮತ್ತೆ ಮತ್ತೆ ಬಂತು. ಬೇಡಿದವರು ಮೋಸ ಹೋಗಿ ಹೋಗಿ ಬೇಸತ್ತ ರೈತರು.

ಅಳತೆ ಒಂದೇ ಇಲ್ಲದಿದ್ದರೆ ಏನಾಗುತ್ತದೆಂದು ನನಗೆ ಕಲಿಸಿದ್ದು ಸೊರಬ ಕಡೆಯ ಒಂದು ಹಳ್ಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಣ್ಣತಮ್ಮಂದಿರ ಜಮೀನಿಗೆ ಹದ್ದುಬಸ್ತು ಮಾಡಲು ಹೋಗಿದ್ದೆ. ಅವರಲ್ಲಿದ್ದ ಹಳೆಯ ಪಾಲುಪಟ್ಟಿಯಲ್ಲಿ ಬಾವಿಯ ಕಟ್ಟೆಯಿಂದ ಪೂರ್ವಕ್ಕೆ ಹನ್ನೆರಡು ಮಾರಿಗೆ ಗಡಿಕಲ್ಲು ಎಂದು ಬರೆದಿತ್ತು. ನಾನು ಮಾರಿಗೆ ಆರಡಿಯೆಂದು ಲೆಕ್ಕ ಹಾಕಿ, ಎಪ್ಪತ್ತೆರಡು ಅಡಿ ಟೇಪು ಹಿಡಿಸಿ, ಗುದ್ದಲಿಯಲ್ಲಿ ಅಗೆಸಿದೆ. ಕಲ್ಲಿಲ್ಲ. ಅಣ್ಣ ತಮ್ಮನ ಮೇಲೆ ಕೂಗಾಡಿದ, ತಮ್ಮ ಕಲ್ಲು ಕಿತ್ತಿದ್ದು ಅಣ್ಣನೇ ಎಂದ. ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂತು. ಆಗ ಜಗಲಿಯ ಮೇಲೆ ಕೂತಿದ್ದ ಅವರ ತಾಯಿ ಕೋಲೂರಿಕೊಂಡು ಇಳಿದು ಬಂದರು.

“ಸಾಹೇಬ್ರೇ, ಅದು ನಿಮ್ಮ ಮಾರಲ್ಲ. ನಮ್ಮ ಮಾವನೋರ ಮಾರು. ಅವ್ರು ಕುಳ್ಳಗಿದ್ರು” ಎಂದರು.

ಮಾವನವರ ಎತ್ತರ ಎಷ್ಟಿತ್ತೆಂದು ಕೇಳಿದೆ. ಆಕೆ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ, ಚೌಕಟ್ಟಿನಲ್ಲಿ ತಲೆ ತಾಗುತ್ತಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದರು. ಅಳೆದರೆ ಐದಡಿ ನಾಲ್ಕಂಗುಲ. ಹನ್ನೆರಡರಿಂದ ಗುಣಿಸಿದರೆ ಅರವತ್ತನಾಲ್ಕು ಅಡಿ. ಅಲ್ಲಿ ಅಗೆದಾಗ ಒಂದು ಗೇಣು ಮಣ್ಣಿನ ಕೆಳಗೆ ಕಲ್ಲು ಸಿಕ್ಕಿತು. ಯಾರೂ ಕಿತ್ತಿರಲಿಲ್ಲ, ಮಳೆಯ ಮಣ್ಣು ಮುಚ್ಚಿತ್ತು ಅಷ್ಟೆ.

ಆ ದಿನ ನಾನು ಎರಡು ಪಾಠ ಕಲಿತೆ. ಮಾರು ಎಂಬುದು ಒಬ್ಬೊಬ್ಬನ ಮೈಗೆ ಬದಲಾಗುವುದರಿಂದ ಅದರಲ್ಲಿ ಗಡಿ ಗುರುತಿಸುವುದು ಜಗಳಕ್ಕೆ ದಾರಿ, ಆದ್ದರಿಂದ ಮೀಟರ್ ಬೇಕೇ ಬೇಕು. ಆದರೆ ಮಾರು ಎಂದರೇನೆಂದು ಬಲ್ಲ ಆ ತಾಯಿ ಇಲ್ಲದೇ ಹೋಗಿದ್ದರೆ ಕಲ್ಲು ಸಿಗುತ್ತಿರಲಿಲ್ಲ, ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಿದ್ದರು. ಅಳತೆ ಹಳತಾದ ಮೇಲೂ ಅದರ ಅರ್ಥ ಗೊತ್ತಿರುವವರು ಊರಿಗೆ ಬೇಕಾಗುತ್ತಾರೆ.

ಫ್ರೆಂಚರ ಹೊಸ ಅಳತೆಯೂ ಹುಟ್ಟಿದ್ದು ಹಳತರ ಮಡಿಲಲ್ಲೇ. ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಭಾಗವನ್ನು ಮೀಟರ್ ಎನ್ನುವುದೆಂದು ತೀರ್ಮಾನವಾಯಿತು. ದೆಲಾಂಬ್ರ್ ಮತ್ತು ಮೆಶೆಂ 1792ರಲ್ಲಿ ಹೊರಟು, ಉತ್ತರದ ಡಂಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗೆ ಏಳು ವರ್ಷ ತ್ರಿಕೋನ ಕಟ್ಟುತ್ತ ಅಳೆದರು. ಕ್ರಾಂತಿಯ ಗದ್ದಲದ ನಡುವೆ ದೂರದರ್ಶಕ ಹಿಡಿದು ಚರ್ಚಿನ ಗೋಪುರ ಹತ್ತುವವರನ್ನು ಜನ ಗೂಢಚಾರರೆಂದು ಶಂಕಿಸಿದರು. ದೆಲಾಂಬ್ರ್ ಗುರುತಿಗೆಂದು ಕಟ್ಟಿದ ಬಿಳಿ ಬಟ್ಟೆಯನ್ನು ಕಂಡು ಅದು ಅರಸನ ಪಕ್ಷದ ಬಾವುಟವೆಂದು ರೇಗಿದ್ದರಿಂದ, ಅದಕ್ಕೆ ಕೆಂಪು ನೀಲಿ ಪಟ್ಟಿ ಸೇರಿಸಬೇಕಾಯಿತು. ಬಾವುಟ ನೆಟ್ಟ ಕಡೆಯೆಲ್ಲ ‘ನಮ್ಮ ಜಮೀನು ಹೋಯಿತೇ’ ಎಂದು ಓಡಿಬರುತ್ತಿದ್ದ ರೈತರನ್ನು ಮೂರು ದಶಕ ಸಮಾಧಾನ ಮಾಡಿದ ನನಗೆ ಅವರ ಪಾಡು ಚೆನ್ನಾಗಿ ಗೊತ್ತು.

ಮ್ಯುಲೆಂ ಮತ್ತು ಪೆರ್ಪಿನ್ಯಾಂ ಬಳಿಯ ಆಧಾರ ರೇಖೆಗಳನ್ನು ಅವರು ಅಳೆದದ್ದು ಬೋರ್ದಾ ಮಾಡಿಸಿದ ಪ್ಲಾಟಿನಂ ಪಟ್ಟಿಗಳಲ್ಲಿ. ಒಂದೊಂದು ಪಟ್ಟಿಯ ಉದ್ದ ಸರಿಯಾಗಿ ಎರಡು ತ್ವಾಜ್. ಧ್ರುವದಿಂದ ಭೂಮಧ್ಯರೇಖೆಗೆ 51,30,740 ತ್ವಾಜ್ ಎಂಬ ಲೆಕ್ಕ ಬಂತು. 1799ರ ಡಿಸೆಂಬರ್ 10ರ ಕಾನೂನು ಮೀಟರಿನ ಉದ್ದವನ್ನು ಹೇಳಿದ್ದು ಹೀಗೆ: ಪೆರು ತ್ವಾಜ್‌ನ 443.296 ಗೆರೆ. ಹಳತನ್ನು ತೆಗೆದುಹಾಕುವ ಕಾನೂನಿಗೆ ಹೊಸತನ್ನು ವಿವರಿಸಲು ಹಳತರ ಹೆಸರೇ ಬೇಕಾಯಿತು.

ಹೊಸದಕ್ಕೆ ಇಟ್ಟ ಹೆಸರಿಗೆ ಗ್ರೀಕಿನಲ್ಲಿ ‘ಅಳತೆ’ ಎಂದಷ್ಟೇ ಅರ್ಥ. ಅದರಲ್ಲಿ ತೋಳಿಲ್ಲ, ಪಾದವಿಲ್ಲ, ಹೆಬ್ಬೆರಳಿಲ್ಲ. ಯಾರ ಮೈಯೂ ಇಲ್ಲದ್ದರಿಂದಲೇ ಅದು ಎಲ್ಲರದಾಯಿತು, ನಿಜ. ಆದರೆ ಅದೇ ಕಾರಣಕ್ಕೆ ಜನರ ನಾಲಿಗೆಗೆ ಹತ್ತಲಿಲ್ಲ. 1812ರಲ್ಲಿ ನೆಪೋಲಿಯನ್ನನ ಸರ್ಕಾರ ಸೋತು, ವ್ಯಾಪಾರಕ್ಕೆ ಹಳೆಯ ಹೆಸರುಗಳನ್ನು ಬಳಸಲು ಬಿಟ್ಟಿತು. ಆಗಿನ ತ್ವಾಜ್ ಎಂದರೆ ಸರಿಯಾಗಿ ಎರಡು ಮೀಟರ್. 1837ರಲ್ಲಿ ಮತ್ತೆ ಕಾನೂನು ಮಾಡಿ, 1840ರ ಜನವರಿ 1ರಿಂದ ಹಳತೆಲ್ಲವನ್ನೂ ನಿಷೇಧಿಸಿದರು. ಅಂದಿಗೆ ತ್ವಾಜ್ ಅಳತೆಯಾಗಿ ಮುಗಿಯಿತು.

ಹೆಸರು ಮಾತ್ರ ಮುಗಿಯಲಿಲ್ಲ. ಎತ್ತರ ನೋಡುವ ಪಟ್ಟಿಗೆ ಹೋಗಿ ಸೇರಿಕೊಂಡಿತು. ಕ್ರಿಯಾಪದವೂ ಆಯಿತು. ಯಾರನ್ನಾದರೂ ಅಡಿಯಿಂದ ಮುಡಿಯವರೆಗೆ ತಾತ್ಸಾರದಿಂದ ದಿಟ್ಟಿಸಿ ನೋಡುವುದಕ್ಕೆ ಫ್ರೆಂಚರು ಇಂದಿಗೂ ಹೇಳುವುದು ‘ತ್ವಾಜೆ’ ಎಂದೇ. ಗೆರೆಯೂ ಉಳಿದಿದೆ. ಕೈಗಡಿಯಾರದೊಳಗಿನ ಯಂತ್ರ ಎಷ್ಟು ಅಗಲ ಎಂಬುದನ್ನು ಆ ಕಸುಬಿನವರು ಈಗಲೂ ಲೀನ್ಯದಲ್ಲಿ ಹೇಳುತ್ತಾರೆ. ನಮ್ಮ ಕನ್ನಡದಲ್ಲೂ ಹಾಗೆಯೇ ಅಲ್ಲವೇ? ಆಗದವರಿಂದ ಮಾರು ದೂರ ನಿಲ್ಲುತ್ತೇವೆ, ದುಡಿಯುವುದು ಗೇಣು ಹೊಟ್ಟೆಗೆ ಎನ್ನುತ್ತೇವೆ. ಅಂಗಡಿಯಲ್ಲಿ ಬಟ್ಟೆ ಕೊಳ್ಳುವುದು ಮೀಟರಿನಲ್ಲೇ ಆದರೂ ದುಃಖ, ಸಿಟ್ಟು, ಹಸಿವನ್ನು ಅದರಲ್ಲಿ ಹೇಳಲು ಬರುವುದಿಲ್ಲ.

ಪ್ಯಾರಿಸ್ ಬಿಡುವ ಮುಂಚೆ ಮಗಳು ನನ್ನನ್ನು ವೋಜಿರಾರ್ ಬೀದಿಗೆ ಕರೆದೊಯ್ದಳು. ಸೆನೆಟ್ ಭವನದ ಎದುರು, 36ನೇ ನಂಬರಿನ ಕಟ್ಟಡದ ಕಮಾನಿನ ಕೆಳಗೆ, ಗೋಡೆಯಲ್ಲಿ ಅಮೃತಶಿಲೆಯ ಒಂದು ಮೀಟರ್ ಇದೆ. ಹೊಸ ಅಳತೆ ಜನರಿಗೆ ರೂಢಿಯಾಗಲೆಂದು 1796-97ರಲ್ಲಿ ನಗರದಲ್ಲಿ ಇಂಥ ಹದಿನಾರನ್ನು ಇಟ್ಟಿದ್ದರು. ಇದ್ದ ಜಾಗದಲ್ಲೇ ಉಳಿದಿರುವುದು ಇದು. ನಾನು ಅದರ ಮೇಲೆ ಬೆರಳು ಆಡಿಸಿದೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿದೆ. ದಾರಿಯಲ್ಲಿ ಹೋಗುತ್ತಿದ್ದ ವೃದ್ಧರೊಬ್ಬರು ನಿಂತು ನೋಡಿ, ಏನೂ ಕೇಳದೆ, ನಕ್ಕು ತಲೆಯಾಡಿಸಿ ಹೋದರು. ನಾನೇನು ಮಾಡುತ್ತಿದ್ದೇನೆಂದು ಅವರಿಗೆ ಅರ್ಥವಾಗಿತ್ತು ಎಂದೇ ನನ್ನ ನಂಬಿಕೆ.

ಈಗ ನಮ್ಮ ನಾಡಿನ ಮಾತಿಗೆ ಬರುತ್ತೇನೆ. ಭಾರತ 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿಗೆ ಬಂತು, ಅದರಿಂದ ಒಳ್ಳೆಯದೇ ಆಯಿತು. ಯಾರೂ ಹಿಂದಕ್ಕೆ ಹೋಗುವುದು ಬೇಡ. ನನ್ನ ಬೇಡಿಕೆ ಮೂರೇ. ಹಳೆಯ ಪಾಲುಪಟ್ಟಿ, ಕ್ರಯಪತ್ರ, ಟಿಪ್ಪಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅಲ್ಲಿರುವ ಮಾರು, ಗಳೆ, ಬೀಜವರಿಯ ಹೆಸರನ್ನು ಅಳಿಸಿ ಬರೀ ಮೀಟರ್ ಹಾಕಬೇಡಿ. ಹಳೆಯ ಹೆಸರನ್ನೂ ಹಾಗೆಯೇ ಇಟ್ಟು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಎರಡನೆಯದು, ತಾಲ್ಲೂಕು ತಾಲ್ಲೂಕಿನಲ್ಲೂ ಈ ಅಳತೆಗಳನ್ನು ಬಳಸಿದ ಹಿರಿಯರು ಇನ್ನೂ ಇದ್ದಾರೆ. ಯಾವ ಊರಲ್ಲಿ ಯಾವ ಹೆಸರಿಗೆ ಎಷ್ಟು ಉದ್ದ, ಎಷ್ಟು ನೆಲ ಎಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ಕಾಲೇಜಿನ ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಮಾಡಿಯಾರು. ಸೊರಬದ ಆ ತಾಯಿಯಂಥವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಮೂರನೆಯದು ಮೇಷ್ಟ್ರುಗಳಿಗೆ. ಮಕ್ಕಳಿಗೆ ಮೀಟರ್ ಕಲಿಸುವ ದಿನ ಮೊದಲು ಅವರನ್ನು ಅಂಗಳಕ್ಕೆ ಕರೆದು ತೋಳು ಚಾಚಿಸಿ.

ಯಾಕೆಂದು ನನಗೆ ತೋರಿಸಿಕೊಟ್ಟವನು ಮೊಮ್ಮಗ. ಡಾಕ್ಟರ ಬಳಿಯಿಂದ ಬಂದ ದಿನ ಸಂಜೆ ಅವನಿಗೆ ಮಾರು ಎಂಬ ಶಬ್ದ ಹೇಳಿಕೊಟ್ಟೆ. ಅವನು ತೋಳು ಅಗಲಿಸಿ ಗೋಡೆಗೆ ಅಂಟಿಕೊಂಡ, ನಾನು ಎರಡೂ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅದರ ಮೇಲ್ಗಡೆ ನನ್ನದನ್ನೂ ಗುರುತು ಮಾಡಿಸಿದ. ಮನೆಯ ಊಟದ ಮೇಜು ಅವನ ಲೆಕ್ಕದಲ್ಲಿ ಎರಡು ಮಾರು ಆಗುವುದರಲ್ಲಿತ್ತು, ನನ್ನ ಲೆಕ್ಕದಲ್ಲಿ ಒಂದು ಮಾರು ತುಂಬಿ ಸ್ವಲ್ಪ ಮಿಕ್ಕಿತು. ಎರಡು ಗುರುತುಗಳನ್ನೂ ಸುಮಾರು ಹೊತ್ತು ನೋಡಿ ಅವನು ಕೇಳಿದ:

“ಅಜ್ಜಾ, ಹಾಗಾದ್ರೆ ಮೇಜು ನಿಜವಾಗ್ಲೂ ಎಷ್ಟು ಉದ್ದ?”

1789ರಲ್ಲಿ ಫ್ರಾನ್ಸಿನ ರೈತರು ಕೇಳಿದ್ದು ಇದನ್ನೇ. ಪ್ರಶ್ನೆ ಅವನದೇ ಆಗಿದ್ದರಿಂದ ನಾನು ಜೇಬಿನಿಂದ ಟೇಪು ತೆಗೆದು ಅವನ ಕೈಗೆ ಕೊಟ್ಟೆ.